ಸಿಂಗಾರಕ್ಕನ ಮೇಲ್ತೂಕ

ಡಾಕ್ಟರ್ ಸುಧನ್ವ ನಮ್ಮೂರಿಗೆ ಬಂದ ದಿನ ಅವರ ಪೆಟ್ಟಿಗೆಯಿಂದ ಮೊದಲು ಹೊರಗೆ ಬಂದದ್ದು ಮಾತ್ರೆಗಳಲ್ಲ, ಮುಖಗಳು. ಒಂದು ಹಾಳೆಯ ಮೇಲೆ ಸಾಲಾಗಿ ಆರು ದುಂಡು ಮುಖಗಳನ್ನು ಅಚ್ಚು ಹಾಕಿಸಿದ್ದರು. ಮೊದಲನೆಯದು ಹಲ್ಲು ಬಿಟ್ಟು ನಗುತ್ತಿತ್ತು, ಆಮೇಲಿನವು ಒಂದೊಂದಾಗಿ ಸಪ್ಪಗಾಗುತ್ತ ಹೋಗಿ ಕೊನೆಯದು ಕಣ್ಣೀರು ಸುರಿಸುತ್ತಿತ್ತು. ಅಂಥ ಹಾಳೆಗಳ ಎರಡು ಕಟ್ಟು ತಂದಿದ್ದರು. ಇದೇನು ಸಾರ್, ಮಕ್ಕಳಿಗೆ ಬಣ್ಣ ತುಂಬೋಕಾ ಎಂದು ಕೇಳಿದೆ. ಅಲ್ಲವಂತೆ. ಮಾತ್ರೆ ನುಂಗಿದ ರೋಗಿಯ ಮುಂದೆ ಈ ಹಾಳೆ ಹಿಡಿದು, ನಿಮ್ಮ ನೋವು ಈಗ ಯಾವ ಮುಖದ ಹಾಗಿದೆ ಎಂದು ಕೇಳಬೇಕಂತೆ, ಅವರು ಬೆರಳಿಟ್ಟು ತೋರಿಸಬೇಕಂತೆ. ನನಗೆ ನಗು ತಡೆಯಲಾಗಲಿಲ್ಲ. ಬಾಗಿಲಲ್ಲಿ ನಿಂತಿದ್ದವರನ್ನೂ ಕರೆದು ತೋರಿಸಿ ನಗಿಸಿದೆ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ಮುಂದೆ ಆದದ್ದೆಲ್ಲ ಆ ನಗುವಿನಿಂದಲೇ ಶುರುವಾಯಿತು.

ನಮ್ಮೂರಲ್ಲಿ ನೋವಿಗೆ ತೂಕವಿದೆ. ಹಲ್ಲುನೋವು ಬಂದವರು ಅರ್ಧ ಕಿಲೋ ಹೆಚ್ಚು ತೂಗುತ್ತಾರೆ, ಕಾಲು ಮುರಿದುಕೊಂಡವರು ಆರೋ ಏಳೋ ಕಿಲೋ. ಹೆರಿಗೆ ನೋವಿನ ಹೆಂಗಸು ಎಷ್ಟು ತೂಗುತ್ತಾಳೆಂದು ಯಾರಿಗೂ ಸರಿಯಾಗಿ ಗೊತ್ತಿಲ್ಲ, ಆ ಹೊತ್ತಿನಲ್ಲಿ ಅವಳನ್ನು ಎತ್ತಲು ಹೋದವರೂ ಇಲ್ಲ. ಸೂಲಗಿತ್ತಿಯರು ತಿಂಗಳು ತುಂಬುವ ಮೊದಲೇ ಬಸುರಿಯನ್ನು ಮಾಳಿಗೆಯಿಂದ ಇಳಿಸಿ ಕಲ್ಲುಚಪ್ಪಡಿಯ ನೆಲದ ಮೇಲೆ ಮಲಗಿಸಿಬಿಡುತ್ತಾರೆ. ಹೊಳೆ ದಾಟಿಸುವ ದೋಣಿಯವನು ಹತ್ತುವವರ ಮುಖ ನೋಡುವುದಿಲ್ಲ, ದೋಣಿ ಎಷ್ಟು ಕುಸಿಯಿತೆಂದು ನೋಡುತ್ತಾನೆ. ಶಾಲೆ ತಪ್ಪಿಸಲು ಹೊಟ್ಟೆ ಹಿಡಿದುಕೊಂಡ ಮಕ್ಕಳನ್ನು ತಾಯಂದಿರು ಸೀದಾ ದಿನಸಿ ಅಂಗಡಿಯ ತಕ್ಕಡಿಗೆ ಹತ್ತಿಸುತ್ತಾರೆ. ಅಲ್ಲಿಂದ ಇಳಿದ ಮಗು ಒಂದೋ ಮನೆಗೆ ಹೋಗುತ್ತದೆ, ಇಲ್ಲವೇ ಬೆನ್ನಿಗೆರಡು ಬಿಗಿಸಿಕೊಂಡು ಶಾಲೆಗೆ ಹೋಗುತ್ತದೆ. ಮನಸ್ಸಿನ ನೋವಿಗೆ ಮಾತ್ರ ತೂಕವಿಲ್ಲ. ಅದನ್ನು ನಾವೂ ಎಲ್ಲ ಊರಿನವರ ಹಾಗೆ ಊಹೆಯ ಮೇಲೇ ತಿಳಿಯಬೇಕು, ಅದರಲ್ಲಿ ನಾವೇನೂ ಬೇರೆಯವರಿಗಿಂತ ಜಾಣರಲ್ಲ.

ವರ್ಷಕ್ಕೊಮ್ಮೆ, ಮೈಯಲ್ಲಿ ಏನೂ ತೊಂದರೆಯಿಲ್ಲದ ದಿನ ನೋಡಿ, ಪ್ರತಿಯೊಬ್ಬರೂ ತೂಕದ ಕಟ್ಟೆಗೆ ಬಂದು ತಮ್ಮ ನಿಜತೂಕ ಬರೆಸಿ ಹೋಗುತ್ತಾರೆ. ಕಾಯಿಲೆ ಬಿದ್ದಾಗ ಅದರ ಮೇಲೆ ಎಷ್ಟು ತೂಗುತ್ತಾರೋ ಅದು ಮೇಲ್ತೂಕ. ಮೈ ಕರಗುತ್ತಿರುವ ರೋಗಿಯಾದರೆ ಮೈಮರೆತು ನಿದ್ದೆ ಮಾಡುವಾಗ ತೂಗಿ ನಿಜತೂಕವನ್ನು ಹೊಸದಾಗಿ ಬರೆಯುತ್ತೇವೆ. ಹೀಗಿರುವುದರಿಂದ ನಮ್ಮಲ್ಲಿ ನೋವನ್ನು ಬಾಯಲ್ಲಿ ಹೇಳುವ ರೂಢಿಯೇ ಇಲ್ಲ. ಹೇಳುವುದು ಮರ್ಯಾದೆಯೂ ಅಲ್ಲ. ಬಾಯಲ್ಲಿ ಹೇಳುವವನು ತಕ್ಕಡಿಗೆ ಹೆದರುವವನು, ಎಂದರೆ ಸುಳ್ಳ ಎಂದೇ ಲೆಕ್ಕ. ನಾನು ಚಿಕ್ಕವಳಿದ್ದಾಗ ಒಮ್ಮೆ ಕಿವಿ ನೋಯುತ್ತದೆ ಎಂದು ನೆಂಟರ ಮುಂದೆ ಅಂದುಬಿಟ್ಟಿದ್ದಕ್ಕೆ ಅವ್ವ ಬಾಯಿ ಮೇಲೆ ಬಾರಿಸಿದ್ದಳು. ಕಾಯಿಲೆಯವರನ್ನು ನೋಡಲು ಹೋದವರು ಹೇಗಿದ್ದೀರಿ ಎಂದು ಕೇಳುವುದಿಲ್ಲ. ಕಂಕುಳಿಗೆ ಕೈಕೊಟ್ಟು ಒಂದು ಚೂರು ಎತ್ತಿ ನೋಡುತ್ತಾರೆ. ಹತ್ತಿರದವರು ಹೆಚ್ಚು ಎತ್ತುತ್ತಾರೆ, ದೂರದವರು ಮೊಳಕೈ ಮುಟ್ಟಿ ಎತ್ತಿದ ಹಾಗೆ ಮಾಡುತ್ತಾರೆ. ನನಗೆ ಏಳು ವರ್ಷವಿದ್ದಾಗ ಹುಣಸೆಮರದಿಂದ ಬಿದ್ದು ತೋಳು ಮುರಿದುಕೊಂಡಿದ್ದೆ. ಅಕ್ಕ ಸಿಂಗಾರಮ್ಮನಿಗೆ ಆಗ ಹದಿಮೂರು. ನನ್ನ ಮೈತೂಕಕ್ಕೆ ನೋವಿನ ತೂಕವೂ ಸೇರಿ ಹತ್ತು ವರ್ಷದ ಹುಡುಗಿಯಷ್ಟು ಭಾರವಾಗಿದ್ದವಳನ್ನು ಅವಳು ಒಬ್ಬಳೇ ಸೊಂಟದ ಮೇಲೆ ಹೊತ್ತು, ಎಲ್ಲೂ ಕೆಳಗಿಳಿಸದೆ, ತೂಕದ ಕಟ್ಟೆಯವರೆಗೆ ತಂದಿದ್ದಳು. ದಾರಿಯುದ್ದಕ್ಕೂ ನನ್ನನ್ನು ಏನೂ ಕೇಳಲಿಲ್ಲ. ಕೇಳುವ ಅಗತ್ಯವಿರಲಿಲ್ಲ, ಭಾರ ಅವಳ ಸೊಂಟಕ್ಕೇ ಗೊತ್ತಾಗುತ್ತಿತ್ತು.

ದೊಡ್ಡವಳಾದ ಮೇಲೆ ನಾನು ಅದೇ ಕಟ್ಟೆಯಲ್ಲಿ ತೂಗುವವಳಾದೆ. ನನ್ನ ಹೆಸರು ದೇವಾಜಮ್ಮ; ದೇವಾಜಮ್ಮ ಹಿಡಿದ ಮುಳ್ಳು ಎಂದರೆ ಊರಲ್ಲಿ ಎರಡನೆಯ ಮಾತಿರಲಿಲ್ಲ. ಕಬ್ಬಿಣದ ಹಲಗೆಯ ದೊಡ್ಡ ತಕ್ಕಡಿ ಅದು, ಹತ್ತು ಗ್ರಾಮಿನ ವ್ಯತ್ಯಾಸಕ್ಕೂ ಮುಳ್ಳು ಅಲುಗುತ್ತಿತ್ತು. ದಿನಾ ಬೆಳಿಗ್ಗೆ ತೂಕದ ಬಟ್ಟುಗಳನ್ನು ಒರೆಸಿ, ಐವತ್ತು ಕಿಲೋ ಅಕ್ಕಿ ಮೂಟೆ ಇಟ್ಟು ಪರೀಕ್ಷಿಸಿ, ಆಮೇಲೇ ಜನರನ್ನು ಹತ್ತಿಸುತ್ತಿದ್ದೆ. ನಿಲ್ಲಲಾಗದವರನ್ನು ನಾನೇ ತಬ್ಬಿ ಹಿಡಿದು ಹಲಗೆಯ ಮೇಲೆ ನಿಂತು, ಬಂದ ತೂಕದಲ್ಲಿ ನನ್ನದನ್ನು ಕಳೆಯುತ್ತಿದ್ದೆ. ಅದಕ್ಕೇ ತೂಗುವವಳು ಯಾವಾಗಲೂ ಹಗುರವಾಗಿರಬೇಕು, ತಲೆನೋವಿದ್ದ ದಿನ ತಕ್ಕಡಿಯ ಹತ್ತಿರ ಸುಳಿಯಬಾರದು ಎಂದು ಕಟ್ಟಳೆ. ಇಪ್ಪತ್ತೆರಡು ವರ್ಷದಲ್ಲಿ ನನ್ನ ಲೆಕ್ಕ ಒಂದು ಸಲವೂ ತಪ್ಪಿರಲಿಲ್ಲ. ಅದರ ಜಂಬ ನನಗೆ ಸಾಕಷ್ಟಿತ್ತು.

ಡಾಕ್ಟರು ಬಂದದ್ದು ಒಂದು ಔಷಧಿಯ ಪರೀಕ್ಷೆಗೆ. ನೋವಿಗೆ ಎಲ್ಲರೂ ನುಂಗುವ ಹಳೆಯ ಮಾತ್ರೆಯೊಂದಿದೆಯಲ್ಲ, ಅದೊಂದನ್ನೇ ಕೊಟ್ಟರೆ ಎಷ್ಟು ಗುಣ, ಅದರ ಜೊತೆಗೆ ಇನ್ನೊಂದು ಹೊಸ ಔಷಧಿ ಸೇರಿಸಿ ಕೊಟ್ಟರೆ ಎಷ್ಟು ಗುಣ ಎಂದು ನೋಡಬೇಕಿತ್ತು. ಇಪ್ಪತ್ತನಾಲ್ಕು ರೋಗಿಗಳು, ಹದಿನಾಲ್ಕು ದಿನ, ಹಳೆಯ ಛತ್ರದಲ್ಲಿ ವಾಸ. ಎಲ್ಲರಿಗೂ ಹೊತ್ತಿಗೆ ಎರಡೆರಡು ಮಾತ್ರೆ. ಹನ್ನೆರಡು ಮಂದಿಗೆ ಎರಡೂ ಔಷಧಿ. ಉಳಿದ ಹನ್ನೆರಡು ಮಂದಿಗೆ ಒಂದು ಔಷಧಿ, ಇನ್ನೊಂದು ನೋಡಲು ಹಾಗೇ ಇರುವ ಬರೀ ಹಿಟ್ಟಿನ ಉಂಡೆ. ಯಾರಿಗೆ ಯಾವುದು ಎಂದು ನುಂಗುವವರಿಗೂ ಗೊತ್ತಿಲ್ಲ, ಕೊಡುವ ಡಾಕ್ಟರಿಗೂ ಗೊತ್ತಿಲ್ಲ. ಅರಗಿನ ಮುದ್ರೆ ಹಾಕಿದ ಲಕೋಟೆಯೊಳಗೆ ಪಟ್ಟಿಯಿತ್ತು. ಗೊತ್ತಿದ್ದರೆ ಜನ ಔಷಧಿ ಸಿಕ್ಕಿದ ಖುಷಿಗೇ ನೋವು ಕಮ್ಮಿಯಾಯಿತು ಅನ್ನುತ್ತಾರಂತೆ. ಬೇರೆ ಊರುಗಳಲ್ಲಿ ಅವರಿಗೆ ಇದೇ ದೊಡ್ಡ ತಲೆನೋವಾಗಿತ್ತು. ಒಬ್ಬ ಡಾಕ್ಟರನ್ನು ಮೆಚ್ಚಿಸಲು ನಗುವ ಮುಖ ತೋರಿಸುತ್ತಾನೆ, ಇನ್ನೊಬ್ಬಳು ಮನೆಯವರ ಮೇಲಿನ ಸಿಟ್ಟಿಗೆ ಅಳುವ ಮುಖ ತೋರಿಸುತ್ತಾಳೆ. ನಾನು ಅವರನ್ನು ಕೈಹಿಡಿದು ಕಟ್ಟೆಗೆ ಕರೆದುಕೊಂಡು ಹೋಗಿ, ಕೈ ಸುಟ್ಟುಕೊಂಡಿದ್ದ ಗಾಣದವನನ್ನು ತೂಗಿ ತೋರಿಸಿದೆ. ಮೇಲ್ತೂಕ ನಾಲ್ಕು ಕಿಲೋ ಇನ್ನೂರು ಗ್ರಾಮ್. ಡಾಕ್ಟರು ಅವನನ್ನು ಇಳಿಸಿ, ಇನ್ನೊಮ್ಮೆ ಹತ್ತಿಸಿ ಮುಳ್ಳು ನೋಡಿದರು. ನಮ್ಮಲ್ಲಿ ಮುಖ ಗಿಖ ಬೇಡ ಸಾರ್, ಬಾಯಿ ಸುಳ್ಳು ಹೇಳಬಹುದು, ಇದು ಹೇಳೋದಿಲ್ಲ ಎಂದು ನಾನು ಅಂದೆ. ಅವರು ಒಪ್ಪಿದರು. ಮುಖದ ಹಾಳೆಗಳ ಕಟ್ಟನ್ನು ನಾನು ಮಾತ್ರೆ ಇಡುವ ಕಪಾಟಿನ ತಳಕ್ಕೆ ಹಾಸಿದೆ.

ಆಗ ಅಕ್ಕನಿಗೆ ಬೆನ್ನುಮೂಳೆಯಲ್ಲಿ ಗೆಡ್ಡೆಯಾಗಿ ಎರಡು ವರ್ಷ. ಅವಳ ನಿಜತೂಕ ಕರಗಿ ಕರಗಿ ನಲವತ್ತೊಂದಕ್ಕೆ ಬಂದಿತ್ತು, ಮೇಲ್ತೂಕ ಹತ್ತೊಂಬತ್ತು ಮುಟ್ಟಿತ್ತು. ಭಾವ ಹೊನ್ನಾಚಾರಿ ಊರಿಗೆಲ್ಲ ರೋಗಿಗಳ ಮಂಚ ಮಾಡಿಕೊಡುವ ಬಡಗಿ. ಅಕ್ಕನಿಗೆಂದು ಮತ್ತಿಮರದ ಆರು ಕಾಲಿನ ಮಂಚ ಮಾಡಿದ್ದ. ಅದೂ ಮಲಗಿದಲ್ಲೇ ಕಿರುಗುಟ್ಟುತ್ತಿತ್ತು. ಗಟ್ಟಿ ಆಳು ಅವನು, ಆದರೂ ಬೆನ್ನು ಅಲುಗದ ಹಾಗೆ ಅವಳ ಮಗ್ಗುಲು ಬದಲಿಸಲು ಪಕ್ಕದ ಮನೆಯವರನ್ನು ಕೂಗಬೇಕಾಗುತ್ತಿತ್ತು. ಆಸ್ಪತ್ರೆಯ ಇಂಜೆಕ್ಷನ್ ಕೊಟ್ಟಾಗ ಆರು ಕಿಲೋಗೆ ಇಳಿಯುತ್ತಿದ್ದಳು, ಮೂರು ಗಂಟೆ ಕಣ್ಣು ಮುಚ್ಚುತ್ತಿದ್ದಳು, ಅಷ್ಟೇ. ಗೆಡ್ಡೆ ವಾಸಿಯಾಗುವುದಲ್ಲ ಎಂದು ಎಲ್ಲರಿಗೂ ಗೊತ್ತಿತ್ತು. ಉಳಿದ ದಿನಗಳನ್ನಾದರೂ ಹಗುರವಾಗಿ ಕಳೆಯಲಿ ಎಂಬುದೊಂದೇ ನನ್ನ ಆಸೆ. ಡಾಕ್ಟರ ಪಟ್ಟಿಯಲ್ಲಿ ಅಷ್ಟು ಭಾರದ ರೋಗಿಗಳಿಗೆ ಜಾಗವಿರಲಿಲ್ಲ. ನಾನು ಕಾಡಿ ಬೇಡಿ ಸೇರಿಸಿದೆ. ಅಕ್ಕ ಬೇಡ ಅಂದಿದ್ದಳು, ನನಗೆ ಇಂಜೆಕ್ಷನ್ನೇ ಸಾಕು ಅಂದಿದ್ದಳು. ಪರೀಕ್ಷೆಗೆ ಸೇರಿದವರಿಗೆ ಬೇರೆ ಔಷಧಿ ಕೊಡುವಂತಿಲ್ಲ. ಮೇಲ್ತೂಕ ಐದು ಕಿಲೋ ದಾಟಿದರೆ ಮಾತ್ರ ಇಂಜೆಕ್ಷನ್ ಎಂದು ನಿಯಮ. ಐದು ದಾಟಿದರೆ ಕೊಟ್ಟೇ ಕೊಡ್ತಾರಲ್ಲ ಅಕ್ಕ, ನಷ್ಟ ಏನು ಎಂದು ನಾನೇ ಸಮಾಧಾನ ಹೇಳಿ ಅವಳ ಹೆಬ್ಬೆಟ್ಟು ಒತ್ತಿಸಿದೆ.

ಕಟ್ಟೆಯ ತಕ್ಕಡಿಯನ್ನು ಛತ್ರಕ್ಕೇ ಸಾಗಿಸಿಕೊಂಡಿದ್ದೆವು. ಮೊದಲ ದಿನ ಮಾತ್ರೆ ಕೊಟ್ಟ ಒಂದು ಗಂಟೆಗೆ ತೂಗಲು ಶುರುಮಾಡಿದೆವು. ಕೆಲವರು ಎರಡು ಕಿಲೋ ಇಳಿದಿದ್ದರು, ಕೆಲವರು ಮೂರು. ಗಾಣದವನ ಕೈ ನಾಲ್ಕರಿಂದ ಎರಡೂವರೆಗೆ ಬಂದಿತ್ತು. ಅಕ್ಕನನ್ನು ತಬ್ಬಿಕೊಂಡು ಹಲಗೆ ಹತ್ತಿದಾಗ ಹತ್ತೊಂಬತ್ತು ಕಿಲೋಗೆ ಒಗ್ಗಿದ್ದ ನನ್ನ ತೋಳು ಜೋರಾಗಿ ಎತ್ತಿ, ಇಬ್ಬರೂ ಹಿಂದಕ್ಕೆ ಬೀಳುವಂತಾಯಿತು. ಮುಳ್ಳು ನಿಂತ ಕಡೆ ನೋಡಿ ನಾನು ಎರಡು ಸಲ ಕಳೆದು ನೋಡಿದೆ. ನಲವತ್ತೊಂದು. ಮೇಲ್ತೂಕ ಸೊನ್ನೆ. ಅವಳ ಹಾಗೆಯೇ ಸೊನ್ನೆಗೆ ಇಳಿದವರು ಒಟ್ಟು ಹನ್ನೆರಡು ಮಂದಿ. ಲಕೋಟೆ ಒಡೆಯದೆಯೇ ಎಲ್ಲರಿಗೂ ತಿಳಿದುಹೋಯಿತು. ಡಾಕ್ಟರ ಕನ್ನಡಕ ಮಂಜಾಗಿತ್ತು. ಅವರು ಒಳ್ಳೆಯ ಮನುಷ್ಯ, ಅದನ್ನು ಈಗಲೂ ಹೇಳುತ್ತೇನೆ.

ಸುದ್ದಿ ತಿಳಿದು ಭಾವ ಓಡಿಬಂದ. ಕೈಯಲ್ಲಿ ಮರದ ಹೊಟ್ಟು ಇನ್ನೂ ಅಂಟಿಕೊಂಡಿತ್ತು. ಅಕ್ಕನ ಕಂಕುಳಿಗೆ ಕೈಕೊಟ್ಟು ಎತ್ತಿ ನೋಡಿದ, ಅವಳು ಸಲೀಸಾಗಿ ಎದ್ದುಬಂದಳು. ಎರಡು ವರ್ಷದಿಂದ ಅವನು ಅವಳನ್ನು ಒಬ್ಬನೇ ಎತ್ತಿರಲಿಲ್ಲ. ಮುಖವೆಲ್ಲ ಬಾಯಾಗಿ, ಅವಳನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಛತ್ರದ ಅಂಗಳಕ್ಕೆ ಇಳಿದ. ಅಲ್ಲಿ ಎರಡು ಸುತ್ತು ಬಂದ, ಬಿಸಿಲಿಗೆ ಹಿಡಿದ, ಜಗಲಿಯ ಮೇಲೆ ಕೂರಿಸಿ ಮತ್ತೆ ಎತ್ತಿದ. ಜನ ಚಪ್ಪಾಳೆ ತಟ್ಟಿದರು. ನಾನು ನಗುತ್ತ ಅಳುತ್ತ ನಿಂತಿದ್ದೆ. ಅಕ್ಕ ಅವನ ಅಂಗಿಯನ್ನು ಎರಡೂ ಮುಷ್ಟಿಯಲ್ಲಿ ಹಿಡಿದಿದ್ದಳು, ಮುಖವನ್ನು ಅವನ ಎದೆಯೊಳಗೆ ಹುದುಗಿಸಿದ್ದಳು. ಈ ವಯಸ್ಸಿನಲ್ಲಿ ನಾಚಿಕೆ ನೋಡು ಎಂದು ಯಾರೋ ಛೇಡಿಸಿದರು. ವಾಪಸು ಮಂಚದ ಮೇಲೆ ಮಲಗಿಸಿದಾಗ ಅವಳ ಕೆಳದುಟಿಯಿಂದ ರಕ್ತ ಬರುತ್ತಿರುವುದನ್ನು ಕಂಡೆ. ಎತ್ತುವಾಗ ಹಲ್ಲು ತಗುಲಿರಬೇಕು ಎಂದುಕೊಂಡು ಒರೆಸಿದೆ.

ಎಲ್ಲರೂ ಹೋದ ಮೇಲೆ ಅವಳು ನನ್ನನ್ನು ಬಗ್ಗಲು ಹೇಳಿದಳು.

"ಹೋಗಿಲ್ಲ ಕಣೆ. ಹಂಗೇ ಐತೆ," ಅಂದಳು.

"ಏನು ಹೋಗಿಲ್ಲ?"

"ಬೆನ್ನಿಂದು. ನಿಮ್ಮ ಭಾವ ಎತ್ಕೊಂಡು ಸುತ್ತಿದ್ರಲ್ಲ, ಜೀವ ಹೋಗಿ ಬಂತು. ಆ ಡಾಕ್ಟ್ರಿಗೆ ಹೇಳಿ ಸೂಜಿ ಹಾಕ್ಸೆ."

ತಕ್ಕಡಿ ಸೊನ್ನೆ ತೋರಿಸಿದೆ, ಹೇಗೆ ಹಾಕಿಸಲಿ ಎಂದೆ. ಅವಳು ಮತ್ತೆ ಅದನ್ನೇ ಹೇಳಿದಳು. ಪಕ್ಕದ ಮಂಚದವರು ಈ ಕಡೆ ತಿರುಗಿ ನೋಡತೊಡಗಿದ್ದರು. ನನಗೆ ಅವಮಾನವಾಯಿತು, ಸಿಟ್ಟೂ ಬಂತು. ಅವಳನ್ನು ಅನಾಮತ್ತಾಗಿ ಎತ್ತಿಕೊಂಡು ಹೋಗಿ ಇನ್ನೊಂದು ಸಲ ತೂಗಿದೆ. ಸೊನ್ನೆಯೇ.

"ನೋಡಿದ್ಯಾ? ಬಾಯಲ್ಲಿ ಹೇಳ್ಬೇಡ ಅಕ್ಕ, ನಾಲ್ಕು ಜನ ಕೇಳಿಸ್ಕೊಂಡ್ರೆ ಏನಂದ್ಕೊಂಡಾರು," ಅಂದೆ. "ಅವ್ವ ಇದ್ದಿದ್ರೆ ಬಾಯಿ ಮೇಲೆ ಬಾರಿಸ್ತಿದ್ಲು."

ಅವಳು ನನ್ನ ಮುಖವನ್ನೇ ನೋಡಿದಳು. ಆಮೇಲೆ ಗೋಡೆಯ ಕಡೆ ತಿರುಗಲು ಸಹಾಯ ಮಾಡು ಎಂದು ಸನ್ನೆ ಮಾಡಿದಳು. ಅವಳ ಬಾಯಿಂದ ನೋವಿನ ಮಾತು ಬಂದದ್ದು ಅದೇ ಮೊದಲು. ನಾನು ಅದನ್ನು ಮುಚ್ಚಿಸಿದೆ.

ಡಾಕ್ಟರಿಗೆ ಹೇಳಲಿಲ್ಲವೆಂದಲ್ಲ, ಹೇಳಿದೆ. ಬಹಳ ದಿನ ನೋವುಂಡ ಮೈ ಅದು ಹೋದ ಮೇಲೂ ನೆನಪಿಟ್ಟುಕೊಂಡಿರುತ್ತದೆ, ನಾಲ್ಕು ದಿನದಲ್ಲಿ ಸರಿಹೋಗುತ್ತದೆ ಎಂದರು. ಆ ಮಾತು ನನಗೆ ಎಷ್ಟು ಹಿತವಾಯಿತೆಂದರೆ, ಮತ್ತೆ ಕೇಳಲು ಹೋಗಲಿಲ್ಲ. ಅಕ್ಕನೂ ಹೇಳಲಿಲ್ಲ. ಊಟ ಬಿಟ್ಟಳು, ಗಂಜಿ ಮಾತ್ರ ಕುಡಿಯುತ್ತಿದ್ದಳು. ಭಾವ ಬಂದು ಎತ್ತಲು ಕೈಚಾಚಿದರೆ ಕಣ್ಣು ಮುಚ್ಚಿಕೊಳ್ಳುತ್ತಿದ್ದಳು. ಅವನು ಪ್ರತಿದಿನ ಎತ್ತಿಕೊಂಡು ಅಂಗಳ ಸುತ್ತುತ್ತಿದ್ದ. ಸೊನ್ನೆಯ ಉಳಿದ ಹನ್ನೊಂದು ಮಂದಿಯೂ ಹಾಗೇ, ಒಬ್ಬೊಬ್ಬರಾಗಿ ಗೋಡೆಯ ಕಡೆ ತಿರುಗಿದರು. ಒಂದೇ ಔಷಧಿ ಸಿಕ್ಕವರು ನರಳುತ್ತಿದ್ದರು, ಬೈಯುತ್ತಿದ್ದರು, ಐದು ಕಿಲೋ ದಾಟಿದವರು ಇಂಜೆಕ್ಷನ್ ಪಡೆದು ಗೊರಕೆ ಹೊಡೆಯುತ್ತಿದ್ದರು. ಸೊನ್ನೆಯವರ ಸಾಲಿನಿಂದ ಒಂದು ಸದ್ದೂ ಬರುತ್ತಿರಲಿಲ್ಲ. ಡಾಕ್ಟರ ಪುಸ್ತಕದಲ್ಲಿ ನಾನು ಹನ್ನೆರಡೂ ಹೆಸರಿನ ಮುಂದೆ ದಿನಾ ಶಾಂತವಾಗಿದ್ದಾರೆ ಎಂದು ಬರೆದೆ.

ಹನ್ನೊಂದನೆಯ ದಿನ ಬೆಳಿಗ್ಗೆ ಹತ್ತು ಕಿಲೋದ ಬಟ್ಟು ಕೈಜಾರಿ ನನ್ನ ಎಡಗಾಲಿನ ಹೆಬ್ಬೆರಳ ಮೇಲೆ ಬಿತ್ತು. ಉಗುರು ಒಡೆದು ಬೆರಳು ಕಪ್ಪಾಯಿತು. ಹಲ್ಲು ಕಚ್ಚಿ ಹಲಗೆ ಹತ್ತಿದೆ, ಮೇಲ್ತೂಕ ಮೂರು ಕಿಲೋ ನೂರು ಗ್ರಾಮ್. ಆ ಭಾರ ಹೊತ್ತು ತೂಗುವ ಹಾಗಿಲ್ಲ, ತೂಗುವವಳು ನಾನೊಬ್ಬಳೇ. ಪರೀಕ್ಷೆ ನಿಂತುಹೋಗುತ್ತದೆಂದು ಗಾಬರಿಯಾಯಿತು. ಗಾಣದವನು ಹಿಂದಿನ ದಿನ ಬೇಜಾರಾಗಿ ಮನೆಗೆ ಹೋಗಿದ್ದ, ಅವನ ಎರಡು ಮಾತ್ರೆ ಕಪಾಟಿನಲ್ಲಿ ಉಳಿದಿದ್ದವು. ಆದರೆ ಅವು ಒಂಟಿ ಔಷಧಿಯವು. ಸೊನ್ನೆಯವರ ಸಾಲಿನಲ್ಲಿ ಒಬ್ಬ ಮುದುಕ ಆ ದಿನ ಮಾತ್ರೆಯನ್ನು ಉಗಿದಿದ್ದ; ಅವನಿಗೆಂದು ಡಾಕ್ಟರು ತೆಗೆದಿಟ್ಟಿದ್ದ ಇನ್ನೊಂದು ಜೊತೆಯನ್ನು ಯಾರಿಗೂ ಹೇಳದೆ ನುಂಗಿಬಿಟ್ಟೆ. ಒಂದು ಗಂಟೆಯ ಮೇಲೆ ಹಲಗೆಯ ಮೇಲೆ ನಿಂತೆ. ಸೊನ್ನೆ. ಸಮಾಧಾನವಾಗಿ ಇಳಿದು ಒಂದು ಹೆಜ್ಜೆ ಇಟ್ಟವಳು ಗೋಡೆ ಹಿಡಿದುಕೊಂಡೆ. ಬೆರಳು ಮೊದಲಿನ ಹಾಗೇ ಸಿಡಿಯುತ್ತಿತ್ತು.

ಇದನ್ನು ಹೇಳಲು ನಾಚಿಕೆಯಾಗುತ್ತದೆ. ಆಗಲೂ ನನಗೆ ಅರ್ಥವಾಗಲಿಲ್ಲ. ನನ್ನ ಬೆರಳೇ ಸುಳ್ಳು ಹೇಳುತ್ತಿದೆ ಎಂದುಕೊಂಡೆ. ಇಲ್ಲದ ನೋವನ್ನು ಇದೆ ಅಂದುಕೊಳ್ಳುವಷ್ಟು ಹೇಡಿಯಾದೆನಾ ಎಂದು ನನ್ನನ್ನೇ ಬೈದುಕೊಂಡೆ. ಅಕ್ಕಿ ಮೂಟೆ ಎಳೆದು ತಂದು ತೂಗಿದೆ, ಸರಿಯಾಗಿ ಐವತ್ತು. ಮತ್ತೆ ನಾನು ಹತ್ತಿದೆ, ಸೊನ್ನೆ. ಕುಂಟುತ್ತ ಎರಡು ಮಂದಿಯನ್ನು ತೂಗಿಯೂ ತೂಗಿದೆ. ಎರಡನೆಯವಳನ್ನು ಕೆಳಗಿಳಿಸುವಾಗ ಅವಳ ಕಾಲು ನನ್ನ ಹೆಬ್ಬೆರಳಿಗೆ ತಾಗಿ, ನಾನು ಕೂಗಿಕೊಳ್ಳದಿರಲೆಂದು ತುಟಿ ಕಚ್ಚಿದೆ. ಬಾಯಲ್ಲಿ ರಕ್ತದ ರುಚಿ ಬಂತು. ಆಗ ಅಕ್ಕನ ಕೆಳದುಟಿ ಕಣ್ಣ ಮುಂದೆ ಬಂತು.

ಕಪಾಟಿನ ತಳದಿಂದ ಒಂದು ಹಾಳೆ ಎಳೆದುಕೊಂಡೆ. ಮಾತ್ರೆಯ ಪುಡಿ ಮೆತ್ತಿ ಮುಖಗಳು ಬಿಳಿಚಿದ್ದವು. ಸೊನ್ನೆಯವರ ಸಾಲಿಗೆ ಹೋಗಿ ಮೊದಲ ಮಂಚದ ಹೆಂಗಸಿನ ಮುಂದೆ ಹಿಡಿದೆ. ಹೇಗೆ ಕೇಳಬೇಕೆಂದೇ ನನಗೆ ಗೊತ್ತಿರಲಿಲ್ಲ. ನಿಮ್ಮದು ಇದರಲ್ಲಿ ಯಾವುದು ಎಂದು ಮೆಲ್ಲಗೆ ಅಂದೆ. ಅವಳು ಅತ್ತ ಇತ್ತ ನೋಡಿ, ಯಾರೂ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು, ಆರನೆಯ ಮುಖದ ಮೇಲೆ ಬೆರಳಿಟ್ಟು ತಕ್ಷಣ ಕೈ ಹಿಂದಕ್ಕೆಳೆದುಕೊಂಡಳು. ಎರಡನೆಯವನು ಐದನ್ನು ತೋರಿಸಿದ. ಮಾತ್ರೆ ಉಗಿದಿದ್ದ ಮುದುಕ ಹಾಳೆಯನ್ನು ಕಸಿದುಕೊಂಡು ಆರನೆಯದನ್ನು ಉಗುರಿನಿಂದ ಗೀರಿದ. ಹನ್ನೊಂದು ಮಂದಿಯಲ್ಲಿ ಒಬ್ಬರೂ ನಗುವ ಮುಖದ ಹತ್ತಿರ ಹೋಗಲಿಲ್ಲ. ಕೊನೆಗೆ ಅಕ್ಕನ ಹತ್ತಿರ ಬಂದೆ. ಅವಳು ಗೋಡೆಯ ಕಡೆಗೇ ಇದ್ದಳು, ನಾನು ಮಂಚ ಸುತ್ತಿ ಹೋಗಿ ಗೋಡೆಗೂ ಮಂಚಕ್ಕೂ ನಡುವೆ ತೂರಿಕೊಂಡು ಹಾಳೆ ಹಿಡಿದೆ. ಅವಳ ಬೆರಳು ಒಂದೊಂದೇ ಮುಖವನ್ನು ದಾಟುತ್ತ ಬಂತು. ಆರನೆಯದರ ಮೇಲೂ ನಿಲ್ಲಲಿಲ್ಲ. ಅದನ್ನೂ ದಾಟಿ, ಏನೂ ಬರೆಯದ ಖಾಲಿ ಜಾಗಕ್ಕೆ ಹೋಗಿ, ಹಾಳೆಯ ಅಂಚಿನಿಂದ ಕೆಳಗೆ ಬಿತ್ತು.

ನಾನು ಡಾಕ್ಟರ ಮುಂದೆ ಹಾಳೆ ಇಟ್ಟು, ಕಾಲು ತೋರಿಸಿ, ಮಾತ್ರೆ ಕದ್ದದ್ದನ್ನೂ ಹೇಳಿದೆ. ತೂಕ ಹೋಗುತ್ತದೆ ಸಾರ್, ನೋವು ಹೋಗೋದಿಲ್ಲ ಅಂದೆ. ಅವರು ಮೊದಲು ನನ್ನನ್ನೇ ತಿದ್ದಲು ನೋಡಿದರು. "ದೇವಾಜಮ್ಮ, ಬಾಯಿ ಸುಳ್ಳು ಹೇಳಬಹುದು, ತಕ್ಕಡಿ ಹೇಳೋದಿಲ್ಲ ಅಂತ ನೀವೇ ಹೇಳಿದ್ರಿ," ಎಂದರು. ಹೌದು ಎಂದೆ. ಆಮೇಲೆ ಅವರು ಸುಮ್ಮನೆ ಕುರ್ಚಿ ಎಳೆದು ಬಗ್ಗಿ, ಒಂದು ಬೆರಳಿನಿಂದ ನನ್ನ ಹೆಬ್ಬೆರಳನ್ನು ಮೆತ್ತಗೆ ಒತ್ತಿದರು. ನನ್ನ ಮುಖ ಹೇಗಾಯಿತೋ ನನಗೆ ಕಾಣಲಿಲ್ಲ, ಅವರಿಗೆ ಕಂಡಿತು. ಆಮೇಲೆ ಲಕೋಟೆ ಒಡೆದು ಪಟ್ಟಿ ನೋಡಿ, ಆ ಹೊತ್ತಿಗೇ ಪರೀಕ್ಷೆ ನಿಲ್ಲಿಸಿ, ಹನ್ನೆರಡು ಮಂದಿಗೂ ಇಂಜೆಕ್ಷನ್ ತುಂಬತೊಡಗಿದರು. ಮೊದಲನೆಯದನ್ನು ಅಕ್ಕನಿಗೆ ಕೊಟ್ಟರು.

ಮುಂದಿನ ಸುದ್ದಿಯನ್ನು ಇಲ್ಲೇ ಹೇಳಿ ಮುಗಿಸುತ್ತೇನೆ. ಡಾಕ್ಟರು ತೂಕದ ಪುಸ್ತಕವನ್ನೂ ಮುಖದ ಹಾಳೆಯನ್ನೂ ಎರಡನ್ನೂ ತಮ್ಮನ್ನು ಪರೀಕ್ಷೆಗೆ ಕಳಿಸಿದ್ದ ಮೇಲಿನವರಿಗೆ ಕಳಿಸಿದರು. ಅವರು ಪುಸ್ತಕವನ್ನು ಇಟ್ಟುಕೊಂಡು ಹಾಳೆಯನ್ನು ವಾಪಸು ಕಳಿಸಿದರು. ಡಾಕ್ಟರು ಕೆಲಸ ಬಿಟ್ಟರೆಂದು ಕೇಳಿದ್ದೇನೆ. ಜೋಡಿ ಮಾತ್ರೆ ಈಗ ನಮ್ಮೂರಿನ ಅಂಗಡಿಗಳಲ್ಲಿ ಸಿಗುತ್ತದೆ, ಚೆನ್ನಾಗಿಯೇ ಮಾರಾಟವಾಗುತ್ತದೆ. ಕಲ್ಲುಕ್ವಾರಿಯ ಮೇಸ್ತ್ರಿ ಬೆಳಿಗ್ಗೆ ಆಳುಗಳಿಗೆಲ್ಲ ಒಂದೊಂದು ಜೊತೆ ನುಂಗಿಸಿ ಆಮೇಲೆ ತಕ್ಕಡಿ ಹತ್ತಿಸುತ್ತಾನೆ, ಹಗುರವಾಗಿದ್ದವರಿಗೆ ರಜೆಯಿಲ್ಲ. ಹೆಣ್ಣು ನೋಡಲು ಬರುವ ದಿನ ಸೊಂಟನೋವಿನ ಹುಡುಗಿಗೆ ತಾಯಿಯೇ ಕೊಡುತ್ತಾಳೆ. ನಾನು ತೂಗುವ ಕೆಲಸ ಬಿಟ್ಟೆ. ಕಾಯಿಲೆಯವರ ಮನೆಗೆ ಹೋಗಿ ಬಾಯಲ್ಲಿ ಕೇಳುತ್ತೇನೆ, ನೋವಿದೆಯಾ ಎಂದು. ಹೆಚ್ಚಿನವರು ಮುಖ ಸಿಂಡರಿಸಿ ಬಾಗಿಲು ಹಾಕಿಕೊಳ್ಳುತ್ತಾರೆ. ಭಾವ ನನ್ನ ಜೊತೆ ಮಾತಾಡುತ್ತಾನೆ, ಆದರೆ ಯಾರನ್ನೂ ಎತ್ತುವುದಿಲ್ಲ, ಮೊಮ್ಮಗುವನ್ನು ಸಹ. ಇಂಜೆಕ್ಷನ್ ಕೊಟ್ಟ ಮಾರನೆಯ ಬೆಳಿಗ್ಗೆ ಅಕ್ಕ ತೀರಿಹೋದಳು.

ಹೋಗುವ ಹಿಂದಿನ ಮಧ್ಯಾಹ್ನ, ಇಂಜೆಕ್ಷನ್ ಕೊಟ್ಟು ಒಂದು ಗಂಟೆಯಾದ ಮೇಲೆ, ನಾನು ಅವಳ ಮಂಚದ ಪಕ್ಕ ಕುಳಿತಿದ್ದೆ. ಮಾತ್ರೆಯ ಗುಣ ಮೈಯಿಂದ ಇಳಿಯಲು ಎರಡು ದಿನ ಬೇಕು ಎಂದು ಡಾಕ್ಟರು ಹೇಳಿದ್ದರು. ಅಲ್ಲಿಯವರೆಗೆ ತಕ್ಕಡಿ ಇದ್ದೂ ಇಲ್ಲದ ಹಾಗೆ. ಸೂಜಿ ಹಿಡಿಯಿತೋ ಇಲ್ಲವೋ, ಇನ್ನೊಂದು ಕೊಡಿಸಬೇಕೋ ಬೇಡವೋ ತಿಳಿಯಲು ದಾರಿ ಒಂದೇ ಇತ್ತು. ಆಗ ನನಗೆ ನಲವತ್ನಾಲ್ಕು ವರ್ಷ. ಅಷ್ಟು ವರ್ಷದಲ್ಲಿ ನನ್ನವರು ಎನ್ನುವ ಯಾರನ್ನೂ ನಾನು ಈ ಮಾತು ಕೇಳಿರಲಿಲ್ಲ.

"ಅಕ್ಕ," ಅಂದೆ. "ನೋವು ಹೋಯ್ತಾ?"

ಅವಳು ಕಣ್ಣು ತೆರೆದು ನನ್ನನ್ನು ನೋಡಿದಳು. ಸಿಟ್ಟಿನಿಂದಲೋ, ಪ್ರೀತಿಯಿಂದಲೋ, ಬರೀ ಸುಸ್ತಿನಿಂದಲೋ, ಎಷ್ಟು ನೆನೆಸಿಕೊಂಡರೂ ನನಗೆ ಗೊತ್ತಾಗುವುದಿಲ್ಲ.

"ಎತ್ತಿ ನೋಡು," ಅಂದಳು.

ಕಂಕುಳಿಗೆ ಕೈಕೊಟ್ಟು ಎತ್ತಿದೆ. ಹಗುರವಾಗಿದ್ದಳು, ಹನ್ನೊಂದು ದಿನವೂ ಇಷ್ಟೇ ಹಗುರವಾಗಿದ್ದಳು. ಅವಳ ತಲೆ ನನ್ನ ಭುಜಕ್ಕೆ ಒರಗಿತು. ಎತ್ತಿ ಹಿಡಿದಿದ್ದರೆ ನೋಯುತ್ತದೋ, ಕೆಳಗಿಳಿಸಿದರೆ ನೋಯುತ್ತದೋ ತಿಳಿಯದೆ ನಾನು ಅವಳನ್ನು ಹಾಗೇ ಹಿಡಿದುಕೊಂಡು ಕುಳಿತೆ.